ಟುಲೂಸ್‌ನ ಸುಪಾಯೆರೋಗೆ ಅರ್ಜಿ ಹಾಕೋದು ಹೇಗೆ? ಹಂತ ಹಂತವಾಗಿ

ವಿಮಾನ, ರಾಕೆಟ್, ಉಪಗ್ರಹ ಅಂದರೆ ಊಟ ಬಿಟ್ಟು ಮಾತಾಡುವ ಬಿಇ ವಿದ್ಯಾರ್ಥಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೊರದೇಶದಲ್ಲಿ ಮುಂದೆ ಓದುವ ಮಾತು ಬಂದಾಗ ಅಮೆರಿಕ, ಜರ್ಮನಿ ಎಂದು ಪಟ್ಟಿ ಮಾಡುತ್ತಾರೆ. ಫ್ರಾನ್ಸ್ ಎಂದ ಕೂಡಲೇ ‘ಅಲ್ಲಿ ಫ್ರೆಂಚ್ ಬರಬೇಕಲ್ವಾ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ಭಯಪಡಬೇಡಿ. ಫ್ರಾನ್ಸ್‌ನ ಬಹಳ ಬಿಗಿ ಆಯ್ಕೆಯ ಎಂಜಿನಿಯರಿಂಗ್ ಶಾಲೆಗಳಲ್ಲೊಂದಾದ ಸುಪಾಯೆರೋದಲ್ಲಿ ಇಂಗ್ಲಿಷಿನಲ್ಲೇ ಓದಬಹುದಾದ ಮಾಸ್ಟರ್ಸ್ ಇದೆ. ಕಷ್ಟ ಇರುವುದು ಭಾಷೆಯಲ್ಲಲ್ಲ, ಅಲ್ಲಿನ ಪದವಿಗಳ ಹೆಸರು ಅರ್ಥ ಮಾಡಿಕೊಳ್ಳುವುದರಲ್ಲಿ ಮತ್ತು ಕಾಗದಪತ್ರ ಸಕಾಲಕ್ಕೆ ಜೋಡಿಸುವುದರಲ್ಲಿ. ಎರಡನ್ನೂ ಒಂದೊಂದಾಗಿ ಬಿಡಿಸೋಣ.

ತರಗತಿ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ತಯಾರಿ ಶುರುವಾಗಬೇಕಾದದ್ದು ಅದರ ಹಿಂದಿನ ವರ್ಷದ ಜೂನ್‌ನಲ್ಲಿ. ಹದಿನೈದು ತಿಂಗಳು ಅಂದರೆ ಹೆಚ್ಚಾಯಿತು ಅನ್ನಿಸಬಹುದು, ಆದರೆ ಅಷ್ಟು ಬೇಕು.

ಹಂತ 1: ಶಾಲೆಯ ಪರಿಚಯ ಮಾಡಿಕೊಳ್ಳಿ

ಪೂರ್ತಿ ಹೆಸರು ಐಎಸ್‌ಎಇ-ಸುಪಾಯೆರೋ. ‘ಶಾಲೆ’ ಎಂಬ ಮಾತಿಗೆ ಮೋಸಹೋಗಬೇಡಿ. ಫ್ರೆಂಚರು ಇಂಥ ಸಂಸ್ಥೆಗಳನ್ನು ‘ಗ್ರಾಂದ್ ಎಕೋಲ್’, ಅಂದರೆ ದೊಡ್ಡ ಶಾಲೆ ಎನ್ನುತ್ತಾರೆ. ಅವರಲ್ಲಿ ಎಷ್ಟೋ ಜನರ ಕಣ್ಣಿಗೆ ಇದು ವಿಶ್ವವಿದ್ಯಾಲಯಕ್ಕಿಂತ ಒಂದು ಮೆಟ್ಟಿಲು ಮೇಲೆ.

1909ರಲ್ಲಿ, ಲೂಯಿ ಬ್ಲೇರಿಯೊ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಅದೇ ವರ್ಷ, ಝಾನ್-ಬಾಪ್ತಿಸ್ತ್ ರೋಶ್ ಎಂಬ ಸೇನಾಧಿಕಾರಿ ಪ್ಯಾರಿಸ್‌ನಲ್ಲಿ ಈ ಶಾಲೆ ತೆರೆದರು. ವಿಮಾನ ಕಟ್ಟುವುದನ್ನು ಕಲಿಸುವುದಕ್ಕೇ ಒಂದು ಶಾಲೆ ಬೇಕು ಎಂದು ಆಗ ಯೋಚಿಸಿದವರು ಕಡಿಮೆ. 1968ರಲ್ಲಿ ಶಾಲೆ ಟುಲೂಸ್‌ಗೆ ಬಂತು. ಮರುವರ್ಷ ಮಾರ್ಚ್ 2ರಂದು ಕಾಂಕಾರ್ಡ್ ಮೊದಲ ಸಲ ನೆಲ ಬಿಟ್ಟದ್ದು ಅದೇ ಊರಿನಿಂದ. ಈಗ ಏರ್‌ಬಸ್‌ನ ಕೇಂದ್ರ ಕಚೇರಿಯೂ ಫ್ರೆಂಚ್ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್‌ನ ದೊಡ್ಡ ಕೇಂದ್ರವೂ ಅಲ್ಲೇ ಇವೆ. 2007ರಲ್ಲಿ ಊರಿನ ಇನ್ನೊಂದು ಶಾಲೆ ಎನ್‌ಸಿಕಾ ಇದರೊಂದಿಗೆ ಸೇರಿ ಇಂದಿನ ಸಂಸ್ಥೆಯಾಯಿತು.

ಇಲ್ಲಿ ಓದಿದವರಲ್ಲಿ ಮಾರ್ಸೆಲ್ ದಾಸೋ ಒಬ್ಬರು. ನಮ್ಮ ವಾಯುಪಡೆ ಹಾರಿಸುವ ಮಿರಾಜ್, ರಫೇಲ್ ಎರಡೂ ಅವರು ಕಟ್ಟಿದ ಕಂಪನಿಯವು. ಗಗನಯಾನಿ ತೋಮಾ ಪೆಸ್ಕೆ ಇನ್ನೊಬ್ಬರು. ನಮಗೂ ಆ ಊರಿಗೂ ನಂಟು ಹಳೆಯದು: ಇಸ್ರೋ ಮತ್ತು ಸಿಎನ್‌ಇಎಸ್ ಸೇರಿ 2011ರಲ್ಲಿ ಮೇಘಾ-ಟ್ರಾಪಿಕ್ಸ್, 2013ರಲ್ಲಿ ಸರಳ್ ಉಪಗ್ರಹಗಳನ್ನು ಕಳಿಸಿದವು.

ಹಂತ 2: ಅಲ್ಲಿನ ಮಕ್ಕಳು ಒಳಗೆ ಬರುವ ದಾರಿ ತಿಳಿಯಿರಿ

ನೀವು ಆ ದಾರಿಯಲ್ಲಿ ಹೋಗುವವರಲ್ಲ. ಆದರೂ ತಿಳಿದಿರಬೇಕು, ಯಾಕೆಂದರೆ ನಾಳೆ ನಿಮ್ಮ ಪಕ್ಕದ ಬೆಂಚಿನಲ್ಲಿ ಕೂರುವವರು ಆ ದಾರಿ ತುಳಿದು ಬಂದವರು.

ನಮ್ಮ ದ್ವಿತೀಯ ಪಿಯುಸಿಯಂಥ ಪರೀಕ್ಷೆ ಅಲ್ಲಿ ‘ಬಾಕ್’. ಅದಾದ ಮೇಲೆ ಎರಡು ವರ್ಷ ‘ಪ್ರೆಪಾ’ ಎಂಬ ತಯಾರಿ ತರಗತಿ. ದಿನವಿಡೀ ಗಣಿತ, ಭೌತಶಾಸ್ತ್ರ. ಜೊತೆಗೆ ‘ಕೊಲ್’ ಎಂಬ ಮೌಖಿಕ ಪರೀಕ್ಷೆ. ಮೇಷ್ಟ್ರು ಕೊಟ್ಟ ಲೆಕ್ಕವನ್ನು ಬೋರ್ಡಿನ ಮುಂದೆ ನಿಂತು, ಬಾಯಿಬಿಟ್ಟು ವಿವರಿಸುತ್ತಾ ಬಿಡಿಸಬೇಕು. ಎರಡನೇ ವರ್ಷದ ಕೊನೆಗೆ ‘ಕೊಂಕೂರ್’, ಅಂದರೆ ರ‍್ಯಾಂಕಿನ ಸ್ಪರ್ಧಾ ಪರೀಕ್ಷೆ. ಸುಪಾಯೆರೋ ಸೇರಬೇಕಾದವರು ‘ಮೀನ್-ಪಾಂ’ ಎಂಬ ಸಾಮಾನ್ಯ ಪರೀಕ್ಷೆ ಬರೆಯುತ್ತಾರೆ. ರ‍್ಯಾಂಕ್ ಸಾಲದಿದ್ದರೆ ಎರಡನೇ ವರ್ಷವನ್ನು ಮತ್ತೆ ಓದಬಹುದು. ಮೊದಲ ಸಲಕ್ಕೇ ಬರೆಯುವವರನ್ನು ‘ಮೂರರ ಅರ್ಧ’, ಮತ್ತೆ ಓದಿ ಬರೆಯುವವರನ್ನು ‘ಐದರ ಅರ್ಧ’ ಎಂದು ಕರೆಯುವ ರೂಢಿ. ಎಕ್ಸ್‌ನ ಇಂಟಿಗ್ರಲ್ ಅನ್ನು 1ರಿಂದ 2ರವರೆಗೆ ಹಾಕಿ, ಆಮೇಲೆ 2ರಿಂದ 3ರವರೆಗೆ ಹಾಕಿ ನೋಡಿ, ಅಡ್ಡಹೆಸರು ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಗಣಿತ ಅವರ ಹರಟೆಯಲ್ಲೂ ಸೇರಿಕೊಂಡಿದೆ.

ಇದರಿಂದ ನಿಮಗೆ ಒಂದು ಕೆಲಸ ಹುಟ್ಟುತ್ತದೆ: ಲೀನಿಯರ್ ಆಲ್ಜೀಬ್ರ ಮತ್ತು ಡಿಫರೆನ್ಷಿಯಲ್ ಈಕ್ವೇಶನ್‌ಗಳನ್ನು ಹೊರಡುವ ಮೊದಲೇ ಮತ್ತೆ ಓದಿಕೊಳ್ಳಿ. ಪರೀಕ್ಷೆಗೆ ಓದುವಂತೆ ಅಲ್ಲ, ಬೋರ್ಡಿನ ಮುಂದೆ ನಿಂತು ಇನ್ನೊಬ್ಬರಿಗೆ ಹೇಳಿಕೊಡುವಂತೆ.

ಹಂತ 3: ನಿಮ್ಮ ಬಾಗಿಲು ಯಾವುದೆಂದು ಗುರುತಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೊಸಬರು ಜಾರುವುದು ಹೆಚ್ಚಾಗಿ ಈ ಹಂತದಲ್ಲೇ. ಬಿಇ ಮುಗಿಸಿದವರ ಮುಂದೆ ಮೂರು ಬಾಗಿಲುಗಳಿವೆ.

ಮೊದಲನೆಯದು ‘ದಿಪ್ಲೋಮ್ ದ್ಯಾಂಜೆನ್ಯೂರ್’, ಎಂಜಿನಿಯರ್ ಪದವಿ. ಹೆಸರಲ್ಲಿ ಡಿಪ್ಲೊಮಾ ಇದೆಯೆಂದು ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾ ಅಂದುಕೊಳ್ಳಬೇಡಿ. ಬಾಕ್ ಆದ ಮೇಲೆ ಐದು ವರ್ಷ ಓದಿ ಪಡೆಯುವ ಈ ಪದವಿ ಮಾಸ್ಟರ್ಸ್ ದರ್ಜೆಯದು. ಫ್ರಾನ್ಸ್‌ನಲ್ಲಿ ‘ಪದವೀಧರ ಎಂಜಿನಿಯರ್’ ಎಂಬ ಬಿರುದಿಗೆ 1934ರ ಕಾನೂನಿನ ರಕ್ಷಣೆ ಇದೆ. ಅದನ್ನು ಕೊಡುವ ಹಕ್ಕು ಯಾವ ಶಾಲೆಗೆ ಇರಬೇಕು ಎಂಬುದನ್ನು ಸಿಟಿಐ ಎಂಬ ಆಯೋಗ ಪರಿಶೀಲಿಸುತ್ತದೆ. ಈ ಬಾಗಿಲಿಗೆ ಫ್ರೆಂಚ್ ಚೆನ್ನಾಗಿ ಬೇಕು. ನಿಮ್ಮ ಕಾಲೇಜಿಗೂ ಶಾಲೆಗೂ ಡಬಲ್ ಡಿಗ್ರಿ ಒಪ್ಪಂದ ಇದ್ದರೆ ದಾರಿ ಸುಲಭ. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿ ನೋಡಿ.

ಎರಡನೆಯದು ಮಾಸ್ಟರ್ ಇನ್ ಏರೋಸ್ಪೇಸ್ ಎಂಜಿನಿಯರಿಂಗ್. ಎರಡು ವರ್ಷ, ಪಾಠ ಇಂಗ್ಲಿಷಿನಲ್ಲಿ. ಮೆಕ್ಯಾನಿಕಲ್, ಏರೋನಾಟಿಕಲ್, ಎಲೆಕ್ಟ್ರಾನಿಕ್ಸ್ ಓದಿದವರು ನೋಡಬೇಕಾದದ್ದು ಇದನ್ನೇ. ನಿಮ್ಮ ಬ್ರಾಂಚ್ ಅರ್ಹವೇ ಎಂಬುದನ್ನು ಶಾಲೆಯ ಅಡ್ಮಿಷನ್ ಪುಟದಲ್ಲಿ ಓದಿ ಖಚಿತ ಮಾಡಿಕೊಳ್ಳಿ.

ಮೂರನೆಯದು ‘ಮಾಸ್ತೇರ್ ಸ್ಪೆಸಿಯಾಲಿಝೇ’. ಗ್ರಾಂದ್ ಎಕೋಲ್‌ಗಳ ಒಕ್ಕೂಟ ಕೊಡುವ ಮುದ್ರೆ ಇದು, ಮುಖ್ಯವಾಗಿ ಆಗಲೇ ಮಾಸ್ಟರ್ಸ್ ಮುಗಿಸಿದವರಿಗೆ ಅಥವಾ ಕೆಲವು ವರ್ಷ ಕೆಲಸ ಮಾಡಿದವರಿಗೆ.

ಎಚ್ಚರಿಕೆ: ಈ ಮೂರನೆಯದನ್ನು ಫ್ರೆಂಚರು ಚಿಕ್ಕದಾಗಿ ‘ಎಂಎಸ್’ ಎಂದು ಬರೆಯುತ್ತಾರೆ. ನಮ್ಮಲ್ಲಿ ‘ಮಗ ಎಂಎಸ್ ಮಾಡೋಕೆ ಹೋಗಿದ್ದಾನೆ’ ಅನ್ನುವ ಎಂಎಸ್ ಬೇರೆ, ಇದು ಬೇರೆ. ಅಕ್ಷರ ಒಂದೇ ಎಂದು ತಪ್ಪು ಕೋರ್ಸಿನ ಫಾರಂ ತುಂಬಬೇಡಿ. ಬಿಇ ಈಗಷ್ಟೇ ಮುಗಿದಿದ್ದರೆ ನಿಮ್ಮದು ಎರಡನೇ ಬಾಗಿಲು. ಈ ಲೇಖನದ ಮುಂದಿನ ಹಂತಗಳೂ ಅದನ್ನೇ ಹಿಡಿದು ಸಾಗುತ್ತವೆ.

ಬೇರೆ ಫ್ರೆಂಚ್ ಶಾಲೆಗೆ ಅರ್ಜಿ ಹಾಕುವವರೂ ಒಂದು ಪ್ರಶ್ನೆ ಕೇಳಲೇಬೇಕು: ಈ ಪದವಿಯನ್ನು ಫ್ರೆಂಚ್ ಸರ್ಕಾರ ಮಾನ್ಯ ಮಾಡಿದೆಯೇ, ಅಥವಾ ಅದು ಶಾಲೆಯ ಸ್ವಂತ ಪ್ರಮಾಣಪತ್ರವೇ? ಇಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಚಂದದ ವೆಬ್‌ಸೈಟ್ ನೋಡಿ ಲಕ್ಷಗಟ್ಟಲೆ ಸಾಲ ಮಾಡಬೇಡಿ.

ಹಂತ 4: ಹೆಸರು ಸರಿಯಾಗಿದೆಯೇ ನೋಡಿ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವೇ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಆಗಿರುತ್ತವೆ. ಡಿಗ್ರಿಯಲ್ಲಿ ಇನ್ನೊಂದು ಕಾಗುಣಿತ. ನಮಗೆ ಇದು ಮಾಮೂಲು. ಫ್ರಾನ್ಸ್‌ನ ಗುಮಾಸ್ತರಿಗೆ ಇವು ಮೂರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತವೆ.

ಎಲ್ಲ ಅರ್ಜಿಯಲ್ಲೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ವ್ಯತ್ಯಾಸ ದೊಡ್ಡದಾಗಿದ್ದರೆ ನೋಟರಿ ಬಳಿ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಈಗಲೇ ಮಾಡಿಸಿಡಿ. ಪಾಸ್‌ಪೋರ್ಟ್ ಇಲ್ಲದವರು ಇಂದೇ ಅರ್ಜಿ ಹಾಕಿ.

ಹಂತ 5: ಟ್ರಾನ್ಸ್‌ಕ್ರಿಪ್ಟ್ ತರಿಸಿ

ಎಂಟೂ ಸೆಮಿಸ್ಟರ್‌ನ ಅಂಕಪಟ್ಟಿ ಸ್ಕ್ಯಾನ್ ಮಾಡಿ. ವಿಟಿಯು ವಿದ್ಯಾರ್ಥಿಗಳು ಟ್ರಾನ್ಸ್‌ಕ್ರಿಪ್ಟ್‌ಗೆ ವಿಶ್ವವಿದ್ಯಾಲಯಕ್ಕೆ ಬೇಗ ಬರೆದುಕೊಳ್ಳಿ. ಫೈನಲ್ ಇಯರ್‌ನಲ್ಲಿರುವವರು ಇದುವರೆಗಿನ ಸೆಮಿಸ್ಟರ್‌ಗಳದ್ದು ಮತ್ತು ಕಾಲೇಜಿನ ಬೋನಫೈಡ್ ಪತ್ರ ಜೋಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಎಚ್ಚರಿಕೆ: ನಿಮ್ಮ ಸಿಜಿಪಿಎಯನ್ನು ನೀವೇ ಫ್ರೆಂಚ್ ಲೆಕ್ಕಕ್ಕೆ ಪರಿವರ್ತಿಸಬೇಡಿ. ಅಲ್ಲಿ ಅಂಕ 20ಕ್ಕೆ. 10 ಬಂದರೆ ಪಾಸು, 14 ಅಂದರೆ ‘ಚೆನ್ನಾಗಿದೆ’, 16 ಅಂದರೆ ‘ಬಹಳ ಚೆನ್ನಾಗಿದೆ’. ನಮ್ಮ 85 ಪರ್ಸೆಂಟ್ ಅನ್ನು 17 ಎಂದು ಗುಣಿಸಿ ಬರೆದರೆ ಅದು ಅವರ ಲೆಕ್ಕದ 17 ಆಗುವುದಿಲ್ಲ. ಇದ್ದಂತೆಯೇ ಕೊಡಿ, ಅವರು ನೋಡಿಕೊಳ್ಳುತ್ತಾರೆ. ಬ್ಯಾಕ್‌ಲಾಗ್ ಇತ್ತೇ? ಮುಚ್ಚಿಡಬೇಡಿ. ಯಾವ ಸೆಮಿಸ್ಟರ್, ಏಕಾಯಿತು, ಹೇಗೆ ದಾಟಿದಿರಿ ಎಂದು ಒಂದೇ ವಾಕ್ಯದಲ್ಲಿ ಹೇಳಿಬಿಡಿ.

ಹಂತ 6: ಇಂಗ್ಲಿಷ್ ಪರೀಕ್ಷೆ ಬರೆಯಿರಿ, ಫ್ರೆಂಚ್ ಶುರುಮಾಡಿ

ಐಇಎಲ್‌ಟಿಎಸ್ ಅಥವಾ ಟೋಫೆಲ್, ಶಾಲೆ ಒಪ್ಪುವುದನ್ನು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಮುಗಿಸಿ. ಅದೇ ತಿಂಗಳು ಫ್ರೆಂಚ್‌ನ ಎ1 ತರಗತಿಗೂ ಸೇರಿ. ಬೆಂಗಳೂರಿನವರಿಗೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಪಾಠಕ್ಕೆ ಫ್ರೆಂಚ್ ಬೇಡ ನಿಜ, ಆದರೆ ಬಾಡಿಗೆ ಮನೆ, ಬ್ಯಾಂಕು, ಡಾಕ್ಟರು, ಆಮೇಲೆ ಇಂಟರ್ನ್‌ಶಿಪ್ಪು, ಇವೆಲ್ಲಕ್ಕೂ ಬೇಕು. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅದನ್ನು ತಪ್ಪಿಸಬೇಡಿ.

ಹಂತ 7: ಮೋಟಿವೇಶನ್ ಲೆಟರ್ ಬರೆಯಿರಿ

ಒಂದೇ ಪುಟ. ಇದಕ್ಕೆ ಮೂರು ವಾರ ಕೊಡಿ, ಏಕೆಂದರೆ ಅಂಕ ಹೇಳದೆ ಬಿಟ್ಟದ್ದನ್ನು ಹೇಳಲು ನಿಮಗೆ ಸಿಗುವ ಜಾಗ ಇದೊಂದೇ.

‘ಚಿಕ್ಕಂದಿನಿಂದ ಆಕಾಶ ನೋಡಿ ಕನಸು ಕಾಣುತ್ತಿದ್ದೆ’ ಎಂದು ಶುರುಮಾಡಬೇಡಿ. ಆ ಮೇಜಿನ ಮೇಲಿರುವ ಎಲ್ಲ ಪತ್ರಗಳೂ ಹಾಗೇ ಶುರುವಾಗಿರುತ್ತವೆ. ನೀವು ಕೈಯಾರೆ ಮಾಡಿದ ಒಂದು ಕೆಲಸದಿಂದ ಶುರುಮಾಡಿ. ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ಪುಟ್ಟ ಡ್ರೋನಿನ ರೆಕ್ಕೆ ಮಾಡಿದ್ದಿರಿ ಎನ್ನೋಣ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಕ್ಕಿಂತ ಅದು ಹೆಚ್ಚು ಬಾಗಿತು. ಯಾಕೆ ಬಾಗಿತು? ಅಂಟು ಸರಿಯಿರಲಿಲ್ಲವೇ, ಲೋಡ್ ತಪ್ಪು ಹಿಡಿದಿರಾ? ಏನು ಬದಲಿಸಿದಿರಿ? ಇದನ್ನು ಐದು ಸಾಲಿನಲ್ಲಿ ಬರೆದರೆ, ಓದುವ ಪ್ರೊಫೆಸರ್‌ಗೆ ಎದುರಿಗಿರುವವರು ಎಂಜಿನಿಯರ್ ಎಂದು ತಿಳಿಯುತ್ತದೆ. ಕೆಟ್ಟುಹೋದ ಪ್ರಯೋಗವನ್ನು ಬರೆಯಲು ಸಂಕೋಚ ಬೇಡ. ಸರಿಹೋದದ್ದಕ್ಕಿಂತ ಅದೇ ಹೆಚ್ಚು ಹೇಳುತ್ತದೆ.

ಎರಡನೇ ಪ್ಯಾರಾದಲ್ಲಿ ಆ ಕೆಲಸದಿಂದ ಹುಟ್ಟಿದ, ನಿಮಗೆ ಇನ್ನೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬರಲಿ. ಮೂರನೆಯದರಲ್ಲಿ ಆ ಪ್ರಶ್ನೆಗೆ ಈ ಶಾಲೆಯ ಯಾವ ವಿಷಯ, ಯಾವ ಲ್ಯಾಬ್ ನೆರವಾಗುತ್ತದೆ ಎಂದು ಹೆಸರು ಹಿಡಿದು ಬರೆಯಿರಿ. ಕೊನೆಯಲ್ಲಿ, ಓದಿ ಏನು ಮಾಡುತ್ತೀರಿ ಎಂಬುದು ಎರಡೇ ಸಾಲಿನಲ್ಲಿ.

ಬರೆದ ಮೇಲೆ ಒಂದು ಪರೀಕ್ಷೆ: ಪತ್ರದಲ್ಲಿ ಸುಪಾಯೆರೋ ಎಂಬಲ್ಲಿ ಬೇರೆ ಕಾಲೇಜಿನ ಹೆಸರು ಹಾಕಿ ಓದಿ. ಆಗಲೂ ಪತ್ರ ಸರಿಹೊಂದುತ್ತದೆಯೇ? ಹಾಗಿದ್ದರೆ ಮೂರನೇ ಪ್ಯಾರಾ ಮತ್ತೆ ಬರೆಯಬೇಕು.

ಹಂತ 8: ಶಿಫಾರಸು ಪತ್ರ ಕೇಳಿ

ನಿಮ್ಮ ಪ್ರಾಜೆಕ್ಟ್ ಗೈಡ್ ಒಬ್ಬರು, ಪಾಠ ಮಾಡಿದ ಮೇಡಂ ಅಥವಾ ಸರ್ ಇನ್ನೊಬ್ಬರು. ಕನಿಷ್ಠ ಮೂರು ವಾರ ಮೊದಲೇ ಹೋಗಿ ಕೇಳಿ. ಬರಿಗೈಯಲ್ಲಿ ಹೋಗಬೇಡಿ: ನಿಮ್ಮ ಸಿವಿ, ಅಂಕಪಟ್ಟಿ, ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟ ಕೊಡಿ.

‘ನೀನೇ ಬರೆದುಕೊಂಡು ಬಾ, ಸೈನ್ ಹಾಕ್ತೀನಿ’ ಎನ್ನುವವರಿದ್ದಾರೆ. ವಿನಯದಿಂದ, ‘ಸರ್, ನೀವು ಹೇಳುತ್ತಾ ಹೋಗಿ, ನಾನು ಟೈಪ್ ಮಾಡ್ತೀನಿ’ ಎನ್ನಿ. ನಿಮ್ಮ ಮೋಟಿವೇಶನ್ ಲೆಟರ್‌ನ ಧಾಟಿಯೇ ಶಿಫಾರಸು ಪತ್ರದಲ್ಲೂ ಕಂಡರೆ ಓದುವವರಿಗೆ ಗೊತ್ತಾಗುತ್ತದೆ. ಶಿಫಾರಸು ಮಾಡುವವರ ಕಾಲೇಜಿನ ಇಮೇಲ್ ವಿಳಾಸವನ್ನೇ ಕೊಡಿ, ಜಿಮೇಲ್ ಬೇಡ.

ಹಂತ 9: ಮೊದಲ ಸುತ್ತಿನಲ್ಲೇ ಅರ್ಜಿ ಕಳಿಸಿ

ಅರ್ಜಿ ಶಾಲೆಯ ವೆಬ್‌ಸೈಟಿನಲ್ಲೇ, ಸುತ್ತುಗಳಲ್ಲಿ. ಪ್ರತಿ ಪಿಡಿಎಫ್‌ಗೆ ನಿಮ್ಮ ಹೆಸರು ಮತ್ತು ದಾಖಲೆಯ ಹೆಸರು ಹಾಕಿ. ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಸಬ್ಮಿಟ್ ಒತ್ತಿ. ಇದಕ್ಕೆ ಏಜೆಂಟರು ಬೇಕಿಲ್ಲ. ಫಾರಂ ಕೇಳುವುದೆಲ್ಲ ನಿಮ್ಮ ಬಗ್ಗೆ, ಅದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹಂತ 10: ದುಡ್ಡಿನ ದಾರಿ ನೋಡಿಕೊಳ್ಳಿ

ಆ ವರ್ಷದ ಶುಲ್ಕವನ್ನು ಶಾಲೆಯ ಪುಟದಲ್ಲೇ ನೋಡಿ. ಸೀನಿಯರ್ ಹೇಳಿದ ಹಳೆಯ ಅಂಕಿ ನಂಬಿ ಲೋನ್ ಲೆಕ್ಕ ಹಾಕಬೇಡಿ.

ಎರಡು ವಿದ್ಯಾರ್ಥಿವೇತನಗಳ ಹೆಸರು ಬರೆದಿಟ್ಟುಕೊಳ್ಳಿ. ಐಫೆಲ್ ವಿದ್ಯಾರ್ಥಿವೇತನ ಫ್ರೆಂಚ್ ವಿದೇಶಾಂಗ ಸಚಿವಾಲಯದ್ದು. ಇದಕ್ಕೆ ನೀವು ನೇರವಾಗಿ ಅರ್ಜಿ ಹಾಕುವಂತಿಲ್ಲ, ಶಾಲೆಯೇ ನಿಮ್ಮ ಹೆಸರನ್ನು ಕಳಿಸಬೇಕು. ಶಾಲೆಗಳು ಕಳಿಸುವ ಗಡುವು ಜನವರಿ ಮೊದಲ ಭಾಗದಲ್ಲಿ ಬರುತ್ತದೆ. ಮೊದಲ ಸುತ್ತು ತಪ್ಪಿಸಬೇಡಿ ಎಂದದ್ದು ಇದಕ್ಕೇ. ತಿಂಗಳ ಖರ್ಚು ಮತ್ತು ಪ್ರಯಾಣಕ್ಕೆ ಅದು ನೆರವಾಗುತ್ತದೆ, ಟ್ಯೂಷನ್ ಫೀಗೆ ಹಣ ಬರುವುದಿಲ್ಲ. ಇನ್ನೊಂದು ಶಾರ್ಪಾಕ್ ವಿದ್ಯಾರ್ಥಿವೇತನ, ಭಾರತೀಯರಿಗಾಗಿಯೇ ಫ್ರೆಂಚ್ ರಾಯಭಾರ ಕಚೇರಿ ಕೊಡುವಂಥದ್ದು. 1992ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾರ್ಜ್ ಶಾರ್ಪಾಕ್ ಅವರ ಹೆಸರಿನದು. ಅವರೂ ಪ್ಯಾರಿಸ್‌ನ ಒಂದು ಎಂಜಿನಿಯರಿಂಗ್ ಗ್ರಾಂದ್ ಎಕೋಲ್‌ನಲ್ಲೇ ಓದಿದವರು.

ವೀಸಾಗೆ ಜೀವನ ಖರ್ಚಿನ ಪುರಾವೆ ಬೇಕು. ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಲೆಕ್ಕ ತಿಂಗಳಿಗೆ 615 ಯೂರೋ, ವರ್ಷಕ್ಕೆ 7,380. ಹತ್ತಿರದವರಿಂದ ಕೈಗಡ ತಂದು ನಾಲ್ಕು ದಿನದ ಹಿಂದೆ ಖಾತೆಗೆ ಹಾಕಿದ ಹಣ ಅನುಮಾನ ಹುಟ್ಟಿಸುತ್ತದೆ. ಬ್ಯಾಂಕ್ ಲೋನ್ ಮಂಜೂರಾತಿ ಪತ್ರ ಅದಕ್ಕಿಂತ ಎಷ್ಟೋ ಮೇಲು.

ಹಂತ 11: ಕ್ಯಾಂಪಸ್ ಫ್ರಾನ್ಸ್ ಸಂದರ್ಶನಕ್ಕೆ ಹೋಗಿ

ಸೀಟು ಸಿಕ್ಕ ಮೇಲೆ ನೇರವಾಗಿ ವೀಸಾಗೆ ಓಡುವಂತಿಲ್ಲ. ಮೊದಲು ವಿದೇಶಿ ವಿದ್ಯಾರ್ಥಿಗಳಿಗಾಗಿ ಫ್ರೆಂಚ್ ಸರ್ಕಾರ ನಡೆಸುವ ಕ್ಯಾಂಪಸ್ ಫ್ರಾನ್ಸ್ ಸಂಸ್ಥೆಯಲ್ಲಿ ಖಾತೆ ತೆರೆದು, ದಾಖಲೆ ಏರಿಸಿ, ಶುಲ್ಕ ಕಟ್ಟಿ, ಸಂದರ್ಶನ ಕೊಡಬೇಕು. ಭಯಪಡಬೇಡಿ, ಅಲ್ಲಿ ಗಣಿತ ಕೇಳುವುದಿಲ್ಲ. ಈ ಕೋರ್ಸೇ ಏಕೆ, ಖರ್ಚು ಯಾರು ನೋಡಿಕೊಳ್ಳುತ್ತಾರೆ, ಮುಂದೇನು, ಇಷ್ಟೇ. ಉರು ಹೊಡೆದ ಉತ್ತರ ಬೇಡ, ನಿಮ್ಮ ಪತ್ರದಲ್ಲಿರುವುದನ್ನೇ ನಿಮ್ಮ ಮಾತಿನಲ್ಲಿ ಹೇಳಿ. ಅಲ್ಲಿಂದ ಒಪ್ಪಿಗೆ ಬಂದ ಮೇಲೆ, ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ಅರ್ಜಿ.

ಹಂತ 12: ಇಳಿದ ಮೇಲೆ ವೀಸಾ ಸಕ್ರಿಯಗೊಳಿಸಿ

ಇದನ್ನು ಮರೆತು ಪರದಾಡುವವರಿದ್ದಾರೆ. ವಿದ್ಯಾರ್ಥಿಗಳ ದೀರ್ಘಾವಧಿ ವೀಸಾವನ್ನು ಫ್ರಾನ್ಸ್ ತಲುಪಿದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಸಕ್ರಿಯ ಮಾಡಿಕೊಳ್ಳಲೇಬೇಕು. ಮಾಡದಿದ್ದರೆ ಅಲ್ಲಿರುವುದೇ ಅಕ್ರಮವಾಗುತ್ತದೆ. ಮೊದಲ ವಾರದಲ್ಲೇ ಮುಗಿಸಿ. ಹಾಗೆಯೇ ಸರ್ಕಾರಿ ಆರೋಗ್ಯ ವಿಮೆಗೆ ‘ಅಮೆಲಿ’ ಪೋರ್ಟಲ್‌ನಲ್ಲಿ ನೋಂದಾಯಿಸಿ, ಅದು ಉಚಿತ.

ಒಂದು ಸಣ್ಣ ಮಾತು, ಆದರೆ ದೊಡ್ಡ ಬೀಗದ ಕೈ: ಅಂಗಡಿಯಿರಲಿ, ಬ್ಯಾಂಕಿರಲಿ, ಬಸ್ಸಿರಲಿ, ಮೊದಲು ‘ಬೊಂಜೂರ್’ ಎನ್ನಿ, ಆಮೇಲೆ ಪ್ರಶ್ನೆ. ನಮ್ಮಲ್ಲಿ ಮನೆಗೆ ಬಂದವರು ನಮಸ್ಕಾರ ಹೇಳದೆ ವಿಷಯಕ್ಕೆ ಇಳಿದರೆ ಹೇಗೋ, ಅಲ್ಲಿ ಬೊಂಜೂರ್ ಇಲ್ಲದ ಪ್ರಶ್ನೆ ಹಾಗೆ.

ಹಂತ 13: ಇಂಟರ್ನ್‌ಶಿಪ್ ಬೇಗ ಹುಡುಕಿ

ಎರಡನೇ ವರ್ಷದ ಕೊನೆಯಲ್ಲಿ ‘ಸ್ತಾಜ್’ ಎಂಬ ಇಂಟರ್ನ್‌ಶಿಪ್ ಇರುತ್ತದೆ. ನೀವು, ಶಾಲೆ, ಕಂಪನಿ ಮೂವರೂ ಸಹಿ ಮಾಡಿದ ‘ಕೊಂವಾಸ್ಯೋಂ’ ಎಂಬ ಒಪ್ಪಂದ ಇಲ್ಲದೆ ಕೆಲಸಕ್ಕೆ ಕಾಲಿಡಬೇಡಿ.

ವಿಮಾನಯಾನ ಫ್ರಾನ್ಸ್‌ನಲ್ಲಿ ರಕ್ಷಣೆಯ ಜೊತೆ ಹೆಣೆದುಕೊಂಡಿದೆ. ಸುಪಾಯೆರೋ ಕೂಡ ಅಲ್ಲಿನ ಸಶಸ್ತ್ರ ಪಡೆಗಳ ಸಚಿವಾಲಯದ ಅಡಿಯಲ್ಲೇ ಬರುತ್ತದೆ. ಹಲವು ಲ್ಯಾಬ್‌ಗಳು ‘ನಿರ್ಬಂಧಿತ ವಲಯ’ಗಳು. ಅಲ್ಲಿ ಕೆಲಸ ಮಾಡಲು ಮುಂಚಿತವಾಗಿ ಅನುಮತಿ ಬರಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ಬರದೆಯೂ ಇರಬಹುದು. ಅದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ. ಮಾರ್ಚ್‌ನಲ್ಲಿ ಸೇರಬೇಕಿದ್ದರೆ ಸೆಪ್ಟೆಂಬರ್‌ನಿಂದಲೇ ಹುಡುಕಿ, ಒಂದೇ ಜಾಗ ನೆಚ್ಚಿಕೊಳ್ಳಬೇಡಿ.

ಹದಿಮೂರು ಹಂತ ಒಟ್ಟಿಗೆ ನೋಡಿ ಗಾಬರಿಯಾಗಬೇಡಿ. ಇವತ್ತಿಗೆ ಒಂದೇ ಕೆಲಸ. ಬೀರುವಿನಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆಯಿರಿ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಎರಡರಲ್ಲೂ ನಿಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿ.